ಮಾವನ ಕಾರಿಗೆ ಪ್ರೀಮಿಯಂ ಪೆಟ್ರೋಲು

ನಾನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಟಪಾಲು ಗುಮಾಸ್ತ. ಪೆಟ್ರೋಲ್ ಬಂಕುಗಳಲ್ಲಿ ಅಳತೆ ಸರಿಯಾಗಿದೆಯೋ ಇಲ್ಲವೋ ನೋಡಿ ಸೀಲು ಹಾಕುವುದು ನಮ್ಮ ಇಲಾಖೆಯ ಕೆಲಸ. ನೋಡುವವರು ಬೇರೆ, ಸೀಲು ಹಾಕುವವರು ಬೇರೆ. ಅವರು ಬರೆದ ಕಾಗದವನ್ನು ಮಡಿಸಿ, ಲಕೋಟೆಗೆ ಹಾಕಿ, ಅಂಟು ನೆಕ್ಕಿ, ವಿಳಾಸ ಬರೆಯುವವನು ನಾನು. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ನನಗೆ ತಿಳಿದದ್ದು ಅಂಟಿನ ರುಚಿಯೇ ಹೊರತು ಪೆಟ್ರೋಲಿನ ಗುಣವಲ್ಲ. ಆದರೆ ಮದುವೆಯ ಮಾತುಕತೆಯ ಹೊತ್ತಿನಲ್ಲಿ ಮಾವನವರಿಗೆ ಇಷ್ಟೆಲ್ಲ ಬಿಡಿಸಿ ಹೇಳಲು ಪುರುಸೊತ್ತಿರಲಿಲ್ಲ. "ಪೆಟ್ರೋಲಿಗೆ ಸಂಬಂಧಪಟ್ಟ ಕೆಲಸ" ಅಂದಿದ್ದೆ. ಅವರು ತಲೆದೂಗಿ ಮಗಳನ್ನು ಕೊಟ್ಟರು.

ಅಂದಿನಿಂದ ನಮ್ಮ ಬಳಗದಲ್ಲಿ ಯಾರ ಸ್ಕೂಟರು ಕೆಮ್ಮಿದರೂ ನನಗೆ ಫೋನು. ನಾನೂ ಸುಮ್ಮನಿರುವವನಲ್ಲ. "ಪೆಟ್ರೋಲಿನ ದೋಷ ಇರಬಹುದು" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಗಾಡಿ ತಾನಾಗಿ ಸರಿಹೋದರೆ ಹೆಸರು ನನಗೆ, ಕೆಟ್ಟರೆ ಪೆಟ್ರೋಲಿಗೆ. ಹೀಗೆ ನಿರುಪದ್ರವಿಯಾಗಿ ಬಾಳಿಕೊಂಡಿದ್ದವನನ್ನು ಮಾವನ ಕಾರು ಹಿಡಿದು ಹಾಕಿತು.

ಮಾವನವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಅವರು ಹಸಿರು ಬಾವುಟ ತೋರಿಸದೆ ಮನೆಯಲ್ಲಿ ಕುಕ್ಕರ್ ಕೂಡ ಕೂಗುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವರ ಹತ್ತಿರ ಮೂವತ್ತೊಂದು ವರ್ಷದ ಒಂದು ಕಾರಿದೆ. "ಅಂಗಡಿಯಿಂದ ಹೇಗೆ ಬಂತೋ ಹಾಗೇ ಇದೆ, ಒಂದು ತಿರುಪೂ ಬದಲಾಗಿಲ್ಲ." ಹೊಸಬರು ಯಾರೇ ಸಿಕ್ಕರೂ ಅವರು ಹೇಳುವ ಮೊದಲ ಮಾತು ಇದು. ಎರಡನೆಯ ಮಾತೂ ಇದೇ.

ಎರಡು ತಿಂಗಳ ಹಿಂದೆ ಅವರ ಮಂಡಿಗೆ ಆಪರೇಷನ್ ಆಯಿತು. ಕಾರು ಅಂದಿನಿಂದ ಷೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಅಷ್ಟರಲ್ಲಿ ಅದರ ಫಿಟ್‌ನೆಸ್ ಸರ್ಟಿಫಿಕೇಟಿನ ಅವಧಿ ಮುಗಿಯುತ್ತ ಬಂತು. ಸೋಮವಾರ ಹತ್ತು ಗಂಟೆಗೆ ಸಾರಿಗೆ ಕಚೇರಿಯಲ್ಲಿ ತಪಾಸಣೆ. ಪಾಸಾದರೆ ಇನ್ನೈದು ವರ್ಷ ಓಡಿಸಬಹುದು, ಫೇಲಾದರೆ ಗುಜರಿ. ಕಚೇರಿ ನಮ್ಮ ಮನೆಗೆ ಹತ್ತಿರವಾದ್ದರಿಂದ ಶುಕ್ರವಾರವೇ ಕಾರನ್ನು ನಮ್ಮಲ್ಲಿಗೆ ತಂದಿಟ್ಟುಕೊಳ್ಳಬೇಕೆಂದು ತೀರ್ಮಾನವಾಯಿತು.

ಬೀಗದ ಕೈ ಕೊಡುವಾಗ ಮಾವನವರು ಅದನ್ನು ಒಂದು ಗಳಿಗೆ ಬಿಡಲಿಲ್ಲ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ.

"ಅಳಿಯಂದ್ರೇ, ಇದು ಗುಜರಿಗೆ ಹೋಯ್ತು ಅಂದ್ರೆ ನಾನು ಮನೆ ಬಿಟ್ಟು ಹೊರಗೆ ಬರೋದು ಅಲ್ಲಿಗೆ ಮುಗೀತು. ಬಸ್ಸು ಹತ್ತೋಕೆ ಈ ಕಾಲು ಬಿಡಲ್ಲ. ಇನ್ನೊಬ್ಬರ ಗಾಡೀಲಿ ಕೂರೋಕೆ ಈ ಮನಸ್ಸು ಬಿಡಲ್ಲ. ನೀವು ಪೆಟ್ರೋಲ್ ಬಲ್ಲವರು ಅಂತ ಕೊಡ್ತಿದೀನಿ. ಟ್ಯಾಂಕು ಖಾಲಿಯಿದೆ, ಸಾದಾ ಪೆಟ್ರೋಲ್ ಹಾಕಿಸಿ. ಬಾನೆಟ್ ಮಾತ್ರ ಯಾರೂ ತೆಗೀಕೂಡದು. ಸೋಮವಾರ ಬೆಳಿಗ್ಗೆ ನಾನೇ ಬಂದು ತೆಗೀತೀನಿ."

ಗೇಟಿನ ಹತ್ತಿರ ಅತ್ತೆ ಕಾದಿದ್ದರು. ಅವರು ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು, ಮಿತಭಾಷಿ. ಕಿಟಕಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು.

"ಬಾನೆಟ್ ತೆಗೀಬೇಡಿ ಆಯ್ತಾ? ಅವರಿಗೆ ನಾನು ಹೇಳಿದೆ ಅಂತ ಹೇಳಬೇಡಿ."

ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ಅದನ್ನು ಗುಟ್ಟಾಗಿಡುವುದು ಏಕೆಂದು ನನಗೆ ಹೊಳೆಯಲಿಲ್ಲ. ಹೊಳೆಯದ ವಿಷಯಗಳಿಗೆ ತಲೆಯಾಡಿಸುವುದು ನನಗೆ ಕಚೇರಿಯಿಂದ ಬಂದ ಅಭ್ಯಾಸ.

ಬಂಕಿನಲ್ಲಿ ನನ್ನ ಗ್ರಹಚಾರ ಕಾದು ನಿಂತಿತ್ತು. ಪಕ್ಕದ ಸಾಲಿನಲ್ಲಿ ನಮ್ಮ ಎದುರುಮನೆಯ ವಿಮಾ ಏಜೆಂಟರು ಹೊಚ್ಚ ಹೊಸ ಕಾರಿಗೆ ಒರಗಿ ನಿಂತಿದ್ದರು. ಊರಿನಲ್ಲಿ ಯಾರಿಗೆ ಏನು ಕೆಟ್ಟದ್ದಾಗಬಹುದು ಎನ್ನುವುದು ಅವರಿಗೆ ಸದಾ ಬಾಯಿಪಾಠ.

"ಏನ್ ಸಾರ್, ಮಾವನ ಗಾಡಿನಾ? ಇದಕ್ಕೆ ಸಾದಾ ಪೆಟ್ರೋಲೇ ಸಾಕು ಬಿಡಿ. ವಯಸ್ಸಾದವರಿಗೆ ಮೆತ್ತಗಿನ ಊಟ ಇದ್ದ ಹಾಗೆ. ನಮ್ಮದಕ್ಕೆ ಪ್ರೀಮಿಯಂ ಬಿಟ್ರೆ ಬೇರೆ ಆಗೋದೇ ಇಲ್ಲ" ಅಂದರು.

ಅಷ್ಟು ಹೊತ್ತಿಗೆ ಬಂಕಿನ ಹೆಂಗಸು ನಳಿಕೆ ಹಿಡಿದುಕೊಂಡು ಬಂದು, "ಸಾದಾನಾ, ಪ್ರೀಮಿಯಮ್ಮಾ ಸಾರ್?" ಎಂದು ಕೇಳಿದಳು. ಅವಳು ಮೆಲ್ಲಗೆ ಕೇಳಿದ್ದರೆ ಈ ಕಥೆಯೇ ಇಲ್ಲ. ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳಿದಳು. ನಾನು ಪೆಟ್ರೋಲಿಗೆ ಸಂಬಂಧಪಟ್ಟವನು. ನನ್ನ ಬೆನ್ನು ತಾನೇ ನೆಟ್ಟಗಾಯಿತು.

"ಪ್ರೀಮಿಯಂ. ಫುಲ್ ಟ್ಯಾಂಕ್" ಅಂದೆ.

ಟ್ಯಾಂಕು ತುಂಬಿ ಮುಚ್ಚಳ ಹಾಕಿದ ಮೇಲೆ ವಿಮೆಯವರು ನಿಧಾನವಾಗಿ ಹತ್ತಿರ ಬಂದರು.

"ಫುಲ್ ಹಾಕಿಸಿಬಿಟ್ರಾ? ಅಯ್ಯೋ... ಏನಿಲ್ಲ ಬಿಡಿ."

"ಏನು?"

"ಏನಿಲ್ಲ. ಹಳೇ ಗಾಡೀಲಿ ಪೆಟ್ರೋಲ್ ಪೈಪೆಲ್ಲ ರಬ್ಬರ್ ಅಲ್ವಾ? ಇದು ಖಾರ ಜಾಸ್ತಿ. ತಿಂದುಹಾಕುತ್ತೆ ಅಂತಾರೆ."

"ಏನನ್ನ ತಿಂದುಹಾಕುತ್ತೆ?"

"ರಬ್ಬರ್‌ನ. ಪೈಪು ಕರಗಿ, ಪೆಟ್ರೋಲು ಬಿಸಿ ಎಂಜಿನ್ ಮೇಲೆ ಸುರಿದು, ಆಮೇಲೆ... ನಂಗೇನು ಗೊತ್ತು ಸಾರ್? ನೀವೇ ಇಲಾಖೆಯವರು. ಯೋಚನೆ ಮಾಡದೆ ಹಾಕಿಸ್ತೀರಾ?"

ನಾನು ನಕ್ಕೆ. ಆ ನಗು ಮನೆ ಮುಟ್ಟುವವರೆಗೂ ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು. ತೆಗೆಯುವುದು ಹೇಗೆಂದು ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಹೆಂಡತಿ ಎಬ್ಬಿಸಿದಳು. "ರೀ, ಮನೆ ತುಂಬ ಬಂಕಿನ ವಾಸನೆ. ಏನ್ ಮಾಡಿಟ್ಟಿದ್ದೀರಿ?"

ಓಡಿ ಹೋಗಿ ನೋಡಿದೆ. ಕಾರಿನ ಮುಂಭಾಗದಿಂದ ಗಮ್ಮೆಂದು ಪೆಟ್ರೋಲಿನ ವಾಸನೆ. ನನ್ನ ಕಣ್ಣ ಮುಂದೆ ಪ್ರೀಮಿಯಂ ಪೆಟ್ರೋಲು ರಬ್ಬರನ್ನು ಕಚಕಚ ಅಗಿಯುತ್ತ ಕುಳಿತ ಚಿತ್ರ ಬಂತು. ಇರಲಾರದೆ ಇರುವೆ ಬಿಟ್ಟುಕೊಂಡೆನಲ್ಲಾ ಎಂದುಕೊಂಡೆ. ಮಾವನವರು ಮೂವತ್ತೊಂದು ವರ್ಷ ಕಾಪಾಡಿದ ಪೈಪನ್ನು ನಾನು ಒಂದು ರಾತ್ರಿಯಲ್ಲಿ ತಿನ್ನಿಸಿಬಿಟ್ಟಿದ್ದೆ.

ಮೊದಲು ನಮ್ಮ ಸೂಪರಿಂಟೆಂಡೆಂಟರಿಗೆ ಫೋನು ಮಾಡಿದೆ. ಅವರು ನಿಜವಾಗಿಯೂ ಬಂಕುಗಳನ್ನು ಕಣ್ಣಾರೆ ಕಂಡವರು.

"ಸಾರ್, ಪ್ರೀಮಿಯಂ ಪೆಟ್ರೋಲು ರಬ್ಬರ್ ತಿನ್ನುತ್ತಾ?"

ಅವರು ಅಳೆದು ತೂಗಿ ಹೇಳಿದರು. "ತಿನ್ನಬಹುದು. ತಿನ್ನದೆಯೂ ಇರಬಹುದು. ಲೀಟರ್ ಲೀಟರೇ ಆಗಿರಬೇಕು ಅನ್ನೋದಷ್ಟೇ ನಮ್ಮ ಇಲಾಖೆ. ಏನು ತಿನ್ನುತ್ತೆ ಅನ್ನೋದು ನಮಗೆ ಬರಲ್ಲ. ಬೇಕಾದ್ರೆ ಬರವಣಿಗೆಯಲ್ಲಿ ಕೇಳಿ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರದು ಎತ್ತಿದ ಕೈ. ಬರವಣಿಗೆಯಲ್ಲಿ ಕೇಳಿದರೆ ಉತ್ತರದ ಲಕೋಟೆಗೆ ಅಂಟು ನೆಕ್ಕುವವನೂ ನಾನೇ. ಅಷ್ಟು ಹೊತ್ತಿಗೆ ಕಾರು ಗುಜರಿಯಲ್ಲಿರುತ್ತದೆ.

ಕೊನೆಗೆ ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿಯನ್ನು ಕರೆತಂದೆ. ಅವನು ಕಾರಿನ ಸುತ್ತ ಒಂದು ಸಲ ತಿರುಗಿ, ಮೂಗು ಏರಿಸಿ, "ಬಾನೆಟ್ ಎತ್ತಿ ಸಾರ್" ಅಂದ.

"ಅದೊಂದು ಆಗಲ್ಲ."

"ಯಾಕೆ? ಲಾಕ್ ಕೆಟ್ಟಿದೆಯಾ?"

"ಇಲ್ಲ, ಮಾವ ಬೇಡ ಅಂದಿದ್ದಾರೆ. ಅತ್ತೇನೂ ಬೇಡ ಅಂದಿದ್ದಾರೆ. ಆದ್ರೆ ಅತ್ತೆ ಬೇಡ ಅಂದಿದ್ದು ಮಾವನಿಗೆ ಗೊತ್ತಾಗಬಾರದು."

ಮೇಸ್ತ್ರಿ ನನ್ನನ್ನು ಒಂದು ಕ್ಷಣ ನೋಡಿದ. "ಹೊಟ್ಟೆನೋವು ಅಂತ ಡಾಕ್ಟ್ರ ಹತ್ರ ಹೋಗಿ, ಹೊಟ್ಟೆ ಮಾತ್ರ ಮುಟ್ಟಬೇಡಿ ಅಂದ್ರೆ ಹೇಗೆ ಸಾರ್?"

"ಹೊರಗಿನಿಂದಲೇ ಹೇಳಪ್ಪ. ಪ್ರೀಮಿಯಂ ಹಾಕಿದ್ದಕ್ಕೆ ಪೈಪು ಕರಗುತ್ತಾ?"

"ಯಾರು ಹೇಳಿದ್ದು? ಪ್ರೀಮಿಯಂ ಅಂದ್ರೆ ಖಾರ ಅಲ್ಲ ಸಾರ್, ತಾಳ್ಮೆ. ಎಂಜಿನ್ ಒಳಗೆ ಒತ್ತಡ ಬಿದ್ದಾಗ ಕಿಡಿ ಬರೋಕೆ ಮುಂಚೇನೇ ಅವಸರ ಪಟ್ಟು ಉರಿದುಹೋಗಲ್ಲ. ಅದನ್ನೇ ಆಕ್ಟೇನ್ ಅನ್ನೋದು. ನಿಮ್ಮ ಮಾವನ ಎಂಜಿನ್ನಿಗೆ ಅಷ್ಟು ತಾಳ್ಮೆ ಬೇಕಾಗಿಲ್ಲ, ಹಾಕಿದ್ರೆ ನಷ್ಟಾನೂ ಇಲ್ಲ. ಹಳೇ ರಬ್ಬರ್ ಹಾಳಾಗೋದು ವಯಸ್ಸಿಗೆ, ಬಿಸಿಗೆ, ಈಗಿನ ಪೆಟ್ರೋಲಲ್ಲಿ ಬೆರೆಸ್ತಾರಲ್ಲ ಆ ಸ್ಪಿರಿಟ್ಟಿಗೆ. ಸಾದಾ ಹಾಕಿದ್ರೂ ಹಾಳಾಗುತ್ತೆ, ಪ್ರೀಮಿಯಂ ಹಾಕಿದ್ರೂ ಹಾಳಾಗುತ್ತೆ."

"ಹಾಗಾದ್ರೆ ಪ್ರೀಮಿಯಮ್ಮಿಂದ ಹಾಳಾಗುತ್ತೆ ಅಂತಾಯ್ತು!" ಎದುರುಮನೆ ಗೇಟಿನ ಮೇಲಿನಿಂದ ವಿಮೆಯವರ ತಲೆ ಮಾತಾಡಿತು.

"ನಾನು ಹಾಗೆ ಹೇಳಲಿಲ್ಲ!"

"ಈಗ ತಾನೇ ಹೇಳಿದ್ರಲ್ಲ, ಪ್ರೀಮಿಯಂ ಹಾಕಿದ್ರೂ ಹಾಳಾಗುತ್ತೆ ಅಂತ."

ಇಬ್ಬರೂ ನನ್ನ ಮನೆಯ ಮುಂದೆ ಅರ್ಧ ಗಂಟೆ ವಾದಿಸಿದರು. ಮೇಸ್ತ್ರಿ ಹೇಳಿದಾಗ ಮೇಸ್ತ್ರಿ ಸರಿ ಅನ್ನಿಸಿತು. ವಿಮೆಯವರು ಹೇಳಿದಾಗ ವಿಮೆಯವರೇ ಸರಿ ಅನ್ನಿಸಿತು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, "ಇವರನ್ನೇ ಕೇಳೋಣ, ಇವರೇ ಇಲಾಖೆಯವರು" ಅಂದರು. ನಾನು ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಒಳಗೆ ಬಂದುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನನಗೆ ಒಂದು ಉಪಾಯ ಹೊಳೆಯಿತು. ಪೆಟ್ರೋಲು ತಪ್ಪು, ಹಾಗಾದರೆ ಪೆಟ್ರೋಲನ್ನೇ ತೆಗೆದುಬಿಡುವುದು. ಟ್ಯಾಂಕಿನ ಬಾಯಿ ಹಿಂಭಾಗದಲ್ಲಿ, ಬಾನೆಟ್ ಮುಂಭಾಗದಲ್ಲಿ, ಮಾವನಿಗೆ ಕೊಟ್ಟ ಮಾತಿಗೂ ಭಂಗವಿಲ್ಲ. ಆಮೇಲೆ ಸಾದಾ ತುಂಬಿಸಿಬಿಟ್ಟರೆ ಏನೂ ಆಗಲೇ ಇಲ್ಲ ಎಂದಾಗುತ್ತದೆ. ಇಷ್ಟು ಸರಳ ಉಪಾಯ ಬೇರೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಅವರ ಬಗ್ಗೆ ಮರುಕವೂ ಆಯಿತು.

ಗಿಡಕ್ಕೆ ನೀರು ಬಿಡುವ ಪೈಪನ್ನು ಟ್ಯಾಂಕಿಗೆ ಇಳಿಬಿಟ್ಟು ಬಾಯಿಂದ ಎಳೆದೆ. ಮೊದಲು ಗಾಳಿ ಬಂತು. ಎರಡನೆಯ ಸಲವೂ ಗಾಳಿ. ಮೂರನೆಯ ಸಲ ಸಿಟ್ಟಿನಿಂದ ಎಳೆದೆ. ಬಿಸಿತುಪ್ಪವನ್ನು ನುಂಗಲೂ ಆಗದು ಉಗುಳಲೂ ಆಗದು ಎನ್ನುತ್ತಾರೆ. ಪೆಟ್ರೋಲಿನ ವಿಷಯದಲ್ಲಿ ಆ ಸಂದಿಗ್ಧವಿಲ್ಲ. ಗೋಡೆಯವರೆಗೂ ಉಗುಳಿದೆ. ಬಾಯಿ, ಮೂಗು, ಕಣ್ಣು, ಎಲ್ಲ ಕಡೆಯೂ ಪ್ರೀಮಿಯಂ.

ಆದರೆ ಪೆಟ್ರೋಲು ಬರತೊಡಗಿತ್ತು, ನಿಲ್ಲಿಸುವುದು ಹೇಗೆಂದು ನಾನು ಯೋಚಿಸಿರಲಿಲ್ಲ. ಒಂದು ಬಕೆಟ್ ತುಂಬಿತು. ಇನ್ನೊಂದು ತುಂಬಿತು. ಬಟ್ಟೆ ನೆನೆಹಾಕುವ ಟಬ್ಬು ತುಂಬಿತು. "ಏ, ಪಾತ್ರೆ ಕೊಡೇ!" ಎಂದು ಕೂಗಿದೆ. ಹೆಂಡತಿ ಬಾಗಿಲಿಗೆ ಬಂದು, ಅಂಗಳದಲ್ಲಿ ಸಾಲಾಗಿ ನಿಂತ ಬಕೆಟ್ಟುಗಳನ್ನೂ ಅವುಗಳ ನಡುವೆ ಕಣ್ಣೀರು ಸುರಿಸುತ್ತ ಕುಕ್ಕರಗಾಲಲ್ಲಿ ಕುಳಿತ ಗಂಡನನ್ನೂ ನೋಡಿ, ಒಳಗೆ ಹೋಗಿ ತಾಯಿಗೆ ಫೋನು ಮಾಡಿದಳು. ಎದುರುಮನೆಯಿಂದ ನೋಡಿದ ವಿಮೆಯವರು ಅಗ್ನಿಶಾಮಕ ಠಾಣೆಗೆ ಫೋನು ಮಾಡಿದರು.

ಠಾಣೆಯವರು ಅತ್ತೆಗಿಂತ ಮೊದಲು ಬಂದರು. ಗಂಟೆ ಬಾರಿಸುತ್ತ ಕೆಂಪು ಲಾರಿ ನಮ್ಮ ಬೀದಿಗೆ ನುಗ್ಗಿತು. ಎಲ್ಲ ಮನೆಗಳ ಮಹಡಿಯ ಮೇಲೂ ಜನ. ದಪ್ಪ ಬೂಟಿನ ಅಧಿಕಾರಿಯೊಬ್ಬರು ಇಳಿದು ಬಕೆಟ್ಟುಗಳನ್ನು ಎಣಿಸಿದರು.

"ಇದೇನ್ರೀ ಇದು?"

"ಪ್ರೀಮಿಯಂ, ಸಾರ್" ಅಂದೆ.

"ಯಾವುದಾದ್ರೇನು? ಮನೆಯೊಳಗೆ ಒಲೆ, ಹೊರಗೆ ಬಕೆಟಲ್ಲಿ ಪೆಟ್ರೋಲು! ಪ್ಲಾಸ್ಟಿಕ್ ಬಕೆಟ್ ಬೇರೆ! ಒಂದು ಕಿಡಿ ಬಿದ್ರೆ ನೀವಿಲ್ಲ, ಮನೆಯಿಲ್ಲ, ಎದುರುಮನೆಯೂ ಇಲ್ಲ!"

ಎದುರುಮನೆಯ ಗೇಟಿನ ಮೇಲಿದ್ದ ತಲೆ ಥಟ್ಟನೆ ಕೆಳಗಿಳಿಯಿತು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಬಾಯಿ ಸುಟ್ಟಿದ್ದರಿಂದ ಅರ್ಧ ಮಾತು ಅವರಿಗೆ ಅರ್ಥವಾಗಲಿಲ್ಲ, ಉಳಿದರ್ಧ ನನಗೇ ಅರ್ಥವಾಗಲಿಲ್ಲ. 'ಇಲಾಖೆ' ಎನ್ನುವುದಷ್ಟೇ ಅವರ ಕಿವಿಗೆ ಸರಿಯಾಗಿ ಬಿದ್ದಿತು. ಮುಖ ಸ್ವಲ್ಪ ಸಡಿಲವಾಯಿತು. ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದರು.

"ನಮ್ಮ ಮನೇಲೂ ಒಂದು ಹಳೇ ಗಾಡಿ ಇದೆ. ಪ್ರೀಮಿಯಂ ಹಾಕಬಹುದಾ?"

"ತಿನ್ನಬಹುದು. ತಿನ್ನದೆಯೂ ಇರಬಹುದು" ಅಂದೆ. ಅವರು ಬಹಳ ಮೆಚ್ಚಿಕೊಂಡು ತಲೆಯಾಡಿಸಿದರು.

ಆಮೇಲೆ ಎಲ್ಲರೆದುರು ಗಟ್ಟಿಯಾಗಿ ಅಪ್ಪಣೆ ಮಾಡಿದರು. "ಈ ಮನೇಲಿ ಪೆಟ್ರೋಲ್ ಇಡೋಕೆ ಕಾನೂನು ಒಪ್ಪೋ ಪಾತ್ರೆ ಒಂದೇ ಒಂದು, ಆ ಕಾರಿನ ಟ್ಯಾಂಕು. ಪ್ರತಿಯೊಂದು ಹನೀನೂ ಅದಕ್ಕೇ ವಾಪಸ್ ಹೋಗಬೇಕು. ನಮ್ಮವರು ನಿಂತು ನೋಡ್ತಾರೆ."

ಅವರ ಸಿಬ್ಬಂದಿ ನಿಂತು ನೋಡಿದರು. ಬೀದಿಯೆಲ್ಲ ನಿಂತು ನೋಡಿತು. ನಾನು ಲಾಳಿಕೆ ಹಿಡಿದು ಅದೇ ಪ್ರೀಮಿಯಂ ಪೆಟ್ರೋಲನ್ನು ಬಕೆಟ್ ಬಕೆಟಾಗಿ ಮತ್ತೆ ಟ್ಯಾಂಕಿಗೆ ಸುರಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದವನಿಗೆ ಕೈಯಾದರೂ ತಣ್ಣಗಾಗಿರುತ್ತದೆ.

ಮಧ್ಯಾಹ್ನ ಅತ್ತೆ ಒಬ್ಬರೇ ಬಂದರು. ಮಾವ ಊಟ ಮಾಡಿ ಮಲಗಿದ್ದರಂತೆ. ನಾನು ಅಡುಗೆಮನೆಯಲ್ಲಿ ಹತ್ತನೆಯ ಸಲ ಬಾಯಿ ಮುಕ್ಕಳಿಸುತ್ತಿದ್ದೆ. ಅತ್ತೆ ಬಾಗಿಲು ಮುಂದೆ ಮಾಡಿ ಸ್ಟೂಲಿನ ಮೇಲೆ ಕುಳಿತರು.

"ನಿಮಗೆ ವಿಷಯ ಗೊತ್ತಾಗಿಹೋಗಿದೆ ಅಂತ ಕಾಣುತ್ತೆ" ಅಂದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದುಕೊಂಡೆ. "ತಪ್ಪಾಯ್ತು ಅತ್ತೆ. ಮಾವನಿಗೆ ತಿಳೀದ ಹಾಗೆ ಮಾಡಿಬಿಟ್ಟೆ. ಒಂದೇ ಒಂದು ಸಲ."

"ಒಂದು ಸಲ ಮಾಡಿದ್ದಕ್ಕೆ ನೀವು ಇಷ್ಟು ನೊಂದುಕೊಳ್ತೀರಿ. ನಾನು ಹನ್ನೆರಡು ವರ್ಷದಿಂದ ಮಾಡ್ತಿದೀನಿ."

ಬಾಯಿಗೆ ಎತ್ತಿದ್ದ ನೀರಿನ ಲೋಟ ಹಾಗೇ ನಿಂತಿತು. ಈ ಮೌನಿ ಹೆಂಗಸು ಹನ್ನೆರಡು ವರ್ಷದಿಂದ ಪ್ರೀಮಿಯಂ ಹಾಕುತ್ತಿದ್ದಾರೆಯೇ!

"ಮಾವನಿಗೆ ಗೊತ್ತಿಲ್ಲದೇನೇ?"

"ಅವರು ಮಧ್ಯಾಹ್ನ ಮಲಗಿರುವಾಗ. ಎರಡು ವರ್ಷಕ್ಕೊಂದು ಸಲ ಹಾಕಿದ್ರೆ ಸಾಕು."

"ಎರಡು ವರ್ಷಕ್ಕೊಂದು ಸಲ ಸಾಕಾ?"

"ಒಳ್ಳೇದು ತಂದು ಹಾಕಿದ್ರೆ ಧಾರಾಳವಾಗಿ ಬರುತ್ತೆ."

"ಬಂಕಿಗೆ ಹೇಗೆ ಹೋಗ್ತೀರಿ?"

"ಬಂಕಿಗೆ ಯಾಕೆ? ಅಂಗಡೀಲಿ ಸಿಗುತ್ತೆ. ಒಂದೂಕಾಲು ಅಡಿ ತರ್ತೀನಿ, ಕತ್ತರೀಲಿ ಕತ್ತರಿಸಿ ಹಾಕ್ತೀನಿ."

ಪೆಟ್ರೋಲನ್ನು ಅಡಿಯ ಲೆಕ್ಕದಲ್ಲಿ ಮಾರುವುದು ನಮ್ಮ ಇಲಾಖೆಯ ಯಾವ ಕಾಯಿದೆಯಲ್ಲೂ ಇಲ್ಲ. ಕತ್ತರಿಯಲ್ಲಿ ಕತ್ತರಿಸುವುದಂತೂ ಯಾವ ಶಾಸ್ತ್ರದಲ್ಲೂ ಇಲ್ಲ. ಒಂದೋ ಅತ್ತೆಗೆ ತಲೆ ಕೆಟ್ಟಿದೆ, ಇಲ್ಲವೇ ಬಾಯಿಗೆ ಹೋದ ಪೆಟ್ರೋಲು ನನ್ನ ತಲೆಗೆ ಏರಿದೆ. ನಾನು ಸಿಂಕಿನ ಅಂಚು ಹಿಡಿದುಕೊಂಡೆ.

"ಅತ್ತೆ, ನೀವು ಯಾವುದರ ಬಗ್ಗೆ ಹೇಳ್ತಿದೀರಿ?"

"ಪೆಟ್ರೋಲ್ ಪೈಪಿನ ಬಗ್ಗೆ. ನೀವು?"

"ಪೆಟ್ರೋಲಿನ ಬಗ್ಗೆ."

ಆಗ ಅವರು ಎಲ್ಲವನ್ನೂ ಹೇಳಿದರು. ಹನ್ನೆರಡು ವರ್ಷದ ಹಿಂದೆ ಒಂದು ದಿನ ಮಾವನವರು ಬಾನೆಟ್ ತೆರೆದು ಕಾರು ಒರೆಸುತ್ತಿದ್ದಾಗ, ರಬ್ಬರ್ ಪೈಪಿನ ಮೇಲೆ ಸಣ್ಣ ಬಿರುಕುಗಳು ಅತ್ತೆಯ ಕಣ್ಣಿಗೆ ಬಿದ್ದವಂತೆ. ಹೊಲಿಗೆಯ ಕಣ್ಣು, ತಪ್ಪಿಸಿಕೊಂಡು ಹೋಗುವಂತಿಲ್ಲ. "ಇದನ್ನ ಬದಲಾಯಿಸಿ" ಅಂದರೆ ಮಾವ, "ಅದು ಕಂಪನಿಯವರೇ ಹಾಕಿದ್ದು, ಅದಕ್ಕೇನೂ ಆಗಿಲ್ಲ" ಅಂದರಂತೆ.

"ಅವರಿಗೆ ಒಪ್ಪಿಕೊಳ್ಳೋಕೆ ಇಷ್ಟ ಇಲ್ಲ. ಆದ್ರೆ ಬೆಂಕಿ ಹತ್ತಿಕೊಂಡ್ರೆ? ಪಕ್ಕದಲ್ಲಿ ಕೂತಿರೋಳು ನಾನಲ್ವಾ? ಅದಕ್ಕೇ ಟೇಪಲ್ಲಿ ಅಳತೆ ತಗೊಂಡು ನಾನೇ ತಂದು ಹಾಕಿದೆ. ಅವತ್ತಿಂದ ನಡೀತಿದೆ. ಈ ಸಲ ಅವರು ಆಸ್ಪತ್ರೇಲಿದ್ದಾಗ ಹಾಕಿದೆ. ಒಂದು ತಿರುಪೂ ಬದಲಾಗಿಲ್ಲ ಅಂತ ಅವರು ಹತ್ತು ಜನರ ಮುಂದೆ ಹೇಳುವಾಗೆಲ್ಲ ನಂಗೆ ಎದೆ ಡವಡವ ಅನ್ನುತ್ತೆ. ಗೊತ್ತಾದ್ರೆ ಅವರ ಮುಖ ನೋಡೋಕಾಗುತ್ತಾ?"

"ಪೈಪು ಹೊಸದು ಅಂದ್ರೆ ವಾಸನೆ ಯಾಕೆ ಬರ್ತಿದೆ ಅತ್ತೆ?"

ಅವರು ನನ್ನ ಕಡೆ ಬಗ್ಗಿ ಮೂಸಿ ನೋಡಿದರು. "ಬರೋಕೆ ಸಾಧ್ಯಾನೇ ಇಲ್ಲ. ಅದು ನಿಮ್ಮ ಬಾಯಿಂದಲೇ ಬರ್ತಿರೋದು."

ಬಾಯಿಗೆ ಪೆಟ್ರೋಲು ಹೋದದ್ದು ಭಾನುವಾರ, ವಾಸನೆ ಬಂದದ್ದು ಶನಿವಾರ. ಆದರೂ ಅವರ ದನಿಯಲ್ಲಿದ್ದ ಧೈರ್ಯ ಕೇಳಿ ನಾನು ಒಪ್ಪಿಕೊಂಡೆ.

ಸೋಮವಾರ ಬೆಳಿಗ್ಗೆ ಮಾವ ಕೋಲೂರಿಕೊಂಡು, ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಅತ್ತೆಯ ಜೊತೆ ಬಂದರು. ಬಂದವರೇ, "ಎಲ್ರೂ ಒಳಗೆ ಹೋಗಿ. ಗಾಡಿ ಹತ್ರ ಐದು ನಿಮಿಷ ನಾನೊಬ್ಬನೇ ಇರಬೇಕು" ಅಂದರು. ನಾನು ಪರದೆ ಸರಿಸಿ ನೋಡಿದೆ. ಬಾನೆಟ್ ಎತ್ತಿದರು. ಒಳಗೆ ಬಗ್ಗಲು ಹೋದರು. ಮಂಡಿ ಮಡಚಲಿಲ್ಲ. ಇನ್ನೊಂದು ಕಡೆಯಿಂದ ಹೋದರು, ಆಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಒಂದೇ ಕಾಲ ಮೇಲೆ ಬಗ್ಗಲು ನೋಡಿದರು. ಅಷ್ಟರಲ್ಲಿ ವಿಮೆಯವರು, "ಶುಭವಾಗಲಿ ಸಾರ್, ಏನಾದ್ರೂ ಸಹಾಯ ಬೇಕಾ?" ಎಂದು ಗೇಟು ತೆಗೆದರು. ಮಾವ ಬಾನೆಟ್ಟನ್ನು ಧಡ್ ಎಂದು ಮುಚ್ಚಿದರು. ಅವರ ಮುಖ ಬಿಳಿಚಿಕೊಂಡಿತ್ತು. ಪಾಪ ಅನ್ನಿಸಿತು.

ಓಡಿಸುವವನು ನಾನು, ಪಕ್ಕದಲ್ಲಿ ಮಾವ, ಹಿಂದಿನ ಸೀಟಿನಲ್ಲಿ ಅತ್ತೆ, ಹೀಗೆ ಹೊರಟೆವು. ಕಾರಿನೊಳಗೆ ಕಣ್ಣು ಉರಿಯುವಷ್ಟು ಪೆಟ್ರೋಲಿನ ವಾಸನೆ.

"ಇವತ್ತು ಗಾಳಿ ಚೆನ್ನಾಗಿದೆ" ಎನ್ನುತ್ತ ಮಾವ ಕಿಟಕಿ ಇಳಿಸಿದರು.

"ಹೌದು, ತಣ್ಣಗಿದೆ" ಎಂದು ಅತ್ತೆ ಹಿಂದಿನ ಎರಡೂ ಕಿಟಕಿ ಇಳಿಸಿದರು.

ನಾನೂ ನನ್ನದನ್ನು ಇಳಿಸಿದೆ. ನಾಲ್ಕೂ ಕಿಟಕಿಗಳಿಂದ ಧೂಳು ಕುಡಿಯುತ್ತ, ಮೂರು ಜನ ಮೂರು ಕಡೆ ನೋಡುತ್ತ ಕುಳಿತೆವು. ಯಾರೊಬ್ಬರೂ 'ವಾಸನೆ' ಎನ್ನುವ ಶಬ್ದ ಎತ್ತಲಿಲ್ಲ.

ಸಾರಿಗೆ ಕಚೇರಿಯ ಅಂಗಳದಲ್ಲಿ ತಪಾಸಣೆಗೆ ಬಂದವರು ಹೆಂಗಸು ಇನ್‌ಸ್ಪೆಕ್ಟರು. ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ದೀಪ ನೋಡಿದರು, ಬ್ರೇಕು ನೋಡಿದರು, ಹಾರನ್ನು ಒತ್ತಿದರು. ಮಾವ ಕೋಲೂರಿ ಅವರ ಬೆನ್ನ ಹಿಂದೆಯೇ ನಡೆದರು.

"ಅಂಗಡಿಯಿಂದ ಹೇಗೆ ಬಂತೋ ಹಾಗೇ ಇದೆ ಮೇಡಂ. ಒಂದು ತಿರುಪೂ ಬದಲಾಗಿಲ್ಲ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

ಇನ್‌ಸ್ಪೆಕ್ಟರು ಬಾನೆಟ್ಟಿನ ಹತ್ತಿರ ಬಂದು ನಿಂತು ಮೂಗು ಅರಳಿಸಿದರು. "ಪೆಟ್ರೋಲ್ ವಾಸನೆ ಬರ್ತಿದೆಯಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ನನ್ನ ಕೈ ಮೊದಲು ಹೆಗಲಿಗೇ ಹೋಗುತ್ತದೆ. "ನಾನೇ ಮೇಡಂ! ಮಾವನದೇನೂ ತಪ್ಪಿಲ್ಲ. ಪ್ರೀಮಿಯಂ ಹಾಕಿಸಿದ್ದು ನಾನೇ. ತೆಗೆಯೋಕೂ ನೋಡಿದೆ. ಕಾನೂನು ಪ್ರಕಾರ ಮತ್ತೆ ಹಾಕಬೇಕಾಯ್ತು!"

"ನಾನು ಏನು ಹಾಕಿಸಿದ್ರಿ ಅಂತ ಕೇಳಲಿಲ್ಲ" ಎಂದು ಅವರು ಬಾನೆಟ್ ಎತ್ತಿ ಟಾರ್ಚು ಬಿಟ್ಟರು. ಪೈಪಿನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದುದನ್ನು ಗಟ್ಟಿಯಾಗಿ ಓದಿದರು. "ಪೈಪು ಈ ವರ್ಷ ತಯಾರಾದದ್ದು. ಹೊಸದು. ಒಂದೂ ಬದಲಾಗಿಲ್ಲ ಅಂತಿದ್ರಿ?"

ಅತ್ತೆ ಕಣ್ಣು ಮುಚ್ಚಿಕೊಂಡರು. ಮಾವ ಕೋಲಿನ ತುದಿಯಿಂದ ನೆಲ ಕೆದಕಿದರು. ನಾನು ಮತ್ತೆ "ನಾನೇ ಮೇಡಂ" ಎನ್ನಲು ಬಾಯಿ ತೆರೆದೆ, ಈ ಸಲ ಯಾವುದನ್ನು ಒಪ್ಪಿಕೊಳ್ಳಬೇಕೆಂದು ತಿಳಿಯದೆ ಮುಚ್ಚಿದೆ.

"ಪೈಪೇನೋ ಚೆನ್ನಾಗಿದೆ" ಇನ್‌ಸ್ಪೆಕ್ಟರು ಹೇಳಿದರು. "ಅದನ್ನ ಹಿಡಿದಿರೋ ಕ್ಲಿಪ್ಪು ಸಡಿಲ. ಅಲ್ಲಿಂದ ಜಿನುಗ್ತಿದೆ ನೋಡಿ. ಹೀಗಿದ್ರೆ ನಾನು ಪಾಸ್ ಮಾಡೋಕಾಗಲ್ಲ. ಅದೊಂದು ಬಿಗಿ ಮಾಡಿಸಿ, ಅಷ್ಟರಲ್ಲಿ ನಾನು ಆ ಲಾರಿ ನೋಡಿ ಬರ್ತೀನಿ."

ಅವರು ಲಾರಿಯ ಕಡೆ ಹೋದರು. ಮಾವ ತಮ್ಮ ಇಸ್ತ್ರಿ ಷರ್ಟಿನ ಜೇಬಿಗೆ ಕೈಹಾಕಿ ಒಂದು ಸಣ್ಣ ಸ್ಕ್ರೂಡ್ರೈವರ್ ತೆಗೆದರು. ಬೆಳಿಗ್ಗೆಯಿಂದ ಅದು ಅಲ್ಲೇ ಇತ್ತು. ಒಮ್ಮೆ ತಮ್ಮ ಮಂಡಿಯನ್ನು ನೋಡಿಕೊಂಡು, ಅದನ್ನು ಅತ್ತೆಯ ಕೈಗೆ ಕೊಟ್ಟರು.

"ಬಲಕ್ಕೆ ಇನ್ನೊಂದು ಸುತ್ತು ತಿರುಗಿಸು" ಅಂದರು. "ನೀನು ಯಾವಾಗ್ಲೂ ಒಂದು ಸುತ್ತು ಕಡಿಮೆ ತಿರುಗಿಸ್ತೀಯ."

ಅತ್ತೆ ಸ್ಕ್ರೂಡ್ರೈವರ್ ಹಿಡಿದು ನಿಂತೇಬಿಟ್ಟರು. "ಯಾವಾಗ್ಲೂ ಅಂದ್ರೆ?"

"ಹನ್ನೆರಡು ವರ್ಷದಿಂದ. ನೀನು ಹಾಕಿ ಹೋದ ಮೇಲೆ ನಾನು ಹೋಗಿ ಬಿಗಿ ಮಾಡ್ತಿದ್ದೆ. ಈ ಸಲ ಬಗ್ಗೋಕಾಗಲಿಲ್ಲ."

"ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲ ನೀವು!"

"ಹೇಳಿದ್ರೆ ಹಳೇದು ಹಾಳಾಗಿತ್ತು ಅಂತ ನಾನು ಒಪ್ಪಿಕೊಳ್ಳಬೇಕಾಗ್ತಿತ್ತಲ್ಲ."

ಅತ್ತೆಗೆ ಸಿಟ್ಟು ಬಂತೋ ನಗು ಬಂತೋ ನನಗೆ ತಿಳಿಯಲಿಲ್ಲ, ಅವರಿಗೂ ತಿಳಿದಂತೆ ಕಾಣಲಿಲ್ಲ. ಸೆರಗು ಸಿಕ್ಕಿಸಿ, ಎಂಜಿನ್ನಿನೊಳಗೆ ಬಗ್ಗಿ, ಸ್ಕ್ರೂಡ್ರೈವರನ್ನು ಒಂದು ಸುತ್ತು ತಿರುಗಿಸಿದರು. ಚಿಂದಿಯಿಂದ ಒರೆಸಿ ಮೂಸಿ ನೋಡಿದರು. ಇನ್‌ಸ್ಪೆಕ್ಟರು ಬಂದು ಎಂಜಿನ್ ಓಡಿಸಿ, ಬೆರಳಿಟ್ಟು ನೋಡಿ, ಕಾಗದದ ಮೇಲೆ ಠಸ್ಸೆ ಒತ್ತಿದರು. ಐದು ವರ್ಷ.

ವಾಪಸ್ ಬರುವಾಗ ಕಿಟಕಿಗಳನ್ನೆಲ್ಲ ಏರಿಸಿದ್ದೆವು. ಮಾವ ಕಾಗದವನ್ನು ಮಡಿಸಿ ಎದೆಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಪ್ರೀಮಿಯಂ ವಿಷಯ ಯಾರೂ ಎತ್ತಲಿಲ್ಲ. ಅದು ರಬ್ಬರ್ ತಿನ್ನುತ್ತದೋ ಇಲ್ಲವೋ ಎನ್ನುವುದು, ಮೇಸ್ತ್ರಿ ಹೇಳಿದ್ದನ್ನು ನೆನೆದರೆ ಒಂದು ತರಹ, ವಿಮೆಯವರನ್ನು ನೆನೆದರೆ ಇನ್ನೊಂದು ತರಹ. ಎದುರಿಗೆ ಸಿಗ್ನಲ್ ಬಿತ್ತು. ಕಾರು ನಿಂತಾಗ ಹಿಂದಿನ ಸೀಟಿನಿಂದ ಅತ್ತೆ ಮೆಲ್ಲಗೆ ಹೇಳಿದರು.

"ಇನ್ಮೇಲೆ ನೀವು ಬಗ್ಗೋದೇನೂ ಬೇಡ. ಮುಂದಿನ ಸಲದಿಂದ ನಾನೇ ಪೂರ್ತಿ ಬಿಗಿ ಮಾಡ್ತೀನಿ."

ಮಾವನವರು ಎದೆಯ ಜೇಬಿನ ಕಾಗದವನ್ನು ಒಮ್ಮೆ ತಡವಿಕೊಂಡರು. ಸಿಗ್ನಲ್ಲು ಹಸಿರಾಯಿತು. ಹಿಂದಿನವರು ಹಾರನ್ ಬಾರಿಸಿದರು. ಮಾವ ತಿರುಗದೆಯೇ ಅಂದರು.

"ಬೇಡ ಕಣೇ. ಒಂದು ಸುತ್ತು ಹಾಗೇ ಬಿಟ್ಟಿರು. ಅಷ್ಟರಲ್ಲಿ ಕಾಲು ಸರಿಹೋಗುತ್ತೆ. ನಂಗೂ ಒಂದು ಕೆಲಸ ಇರಲಿ."